ಕಪ್ಪು ಟೀಶರ್ಟಿನ ಆಚೆಗಿನ ರಾಕ್ ಅಭಿಮಾನಿ

2024ರ ಆಗಸ್ಟ್ ಕೊನೆಯ ವಾರದಲ್ಲಿ ಬ್ರಿಟನ್ನಿನ ಓಯಸಿಸ್ ಬ್ಯಾಂಡ್ ಹದಿನೈದು ವರ್ಷಗಳ ನಂತರ ಮತ್ತೆ ಒಂದಾಗಿ ವೇದಿಕೆ ಏರಲಿದೆ ಎಂಬ ಪ್ರಕಟಣೆ ಹೊರಬಿದ್ದಿತು. ಮುಂಗಡ ಟಿಕೆಟಿಗಾಗಿ ಹೆಸರು ನೋಂದಾಯಿಸಲು ಹೋದವರು ಮೊದಲು ಒಂದು ಪ್ರಶ್ನೆಗೆ ಉತ್ತರಿಸಬೇಕಾಗಿತ್ತು: ಈ ಬ್ಯಾಂಡಿನ ಮೊದಲ ಡ್ರಮ್ಮರ್ ಯಾರು? ಟೋನಿ ಮೆಕ್‌ಕ್ಯಾರಲ್ ಎಂಬುದು ಉತ್ತರ. ಅವರು 1995ರಲ್ಲೇ ಬ್ಯಾಂಡಿನಿಂದ ಹೊರಬಿದ್ದವರು. ಆ ವರ್ಷದ ನಂತರ ಹುಟ್ಟಿ, ಮನೆಯಲ್ಲಿದ್ದ ಹಳೆಯ ಸಿ.ಡಿ.ಯಿಂದಲೋ ಕೈಯಲ್ಲಿದ್ದ ಫೋನಿನಿಂದಲೋ ಆ ಹಾಡುಗಳನ್ನು ಕೇಳಿ ಮನಸ್ಸು ಕೊಟ್ಟ ಹುಡುಗಿಯೊಬ್ಬಳಿಗೆ ಆ ಹೆಸರು ಗೊತ್ತಿರಲೇಬೇಕೆಂದೇನೂ ಇಲ್ಲ. ಹಳೆಯ ಅಭಿಮಾನಿಗಳಲ್ಲಿ ಕೆಲವರು ಅದೇ ದಿನಗಳಲ್ಲಿ ಇಂಥ ಎಳೆಯರಿಗೆ ಟಿಕೆಟ್ ಹೋಗಬಾರದು, ತೊಂಬತ್ತರ ದಶಕದಲ್ಲಿ ಕಣ್ಣಾರೆ ಕಂಡವರಿಗೇ ಮೊದಲ ಹಕ್ಕು ಎಂದು ವಾದಿಸಿದರು. ಇತ್ತ ಮಾರಾಟ ಶುರುವಾದಾಗ ಗಂಟೆಗಟ್ಟಲೆ ಸರದಿಯಲ್ಲಿ ಕಾದ ಅನೇಕರಿಗೆ, ಸುಮಾರು 150 ಪೌಂಡ್ ಎಂದು ತಿಳಿದಿದ್ದ ನಿಂತು ನೋಡುವ ಟಿಕೆಟ್ 350 ಪೌಂಡಿಗೂ ಮಿಕ್ಕಿದ ಬೆಲೆಯಲ್ಲಿ ಎದುರಾಯಿತು. ಸೆಪ್ಟೆಂಬರಿನಲ್ಲಿ ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ ಟಿಕೆಟ್‌ಮಾಸ್ಟರ್ ಸಂಸ್ಥೆಯ ಮಾರಾಟದ ರೀತಿಯ ಬಗ್ಗೆ ತನಿಖೆ ಆರಂಭಿಸಿತು.

ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. ನಿಜವಾದ ಅಭಿಮಾನಿ ಯಾರು ಎಂಬುದು ಒಂದು ಕಾಲಕ್ಕೆ ಗೆಳೆಯರ ನಡುವಿನ ವಾಗ್ವಾದವಾಗಿತ್ತು. ಈಗ ಅದರ ಮೇಲೆ ಟಿಕೆಟ್ ಸಿಗುವುದೂ ಸಿಗದಿರುವುದೂ ನಿಂತಿದೆ, ಅದರ ಸುತ್ತ ಒಂದು ವ್ಯಾಪಾರವೇ ಬೆಳೆದಿದೆ. ಹಾಗಿರುವಾಗ ಅಭಿಮಾನಿಯೆಂದರೆ ಹೀಗೆಯೇ ಇರುತ್ತಾನೆ ಎಂಬ ಪಡಿಯಚ್ಚು ಎಲ್ಲಿಂದ ಬಂತು, ಅದರಿಂದ ಯಾರಿಗೆ ಏನು ನಷ್ಟವಾಗಿದೆ, ಆ ಅಚ್ಚಿಗೆ ಒಗ್ಗದವರು ತಮ್ಮ ಅಭಿಮಾನವನ್ನು ಹೇಗೆ ಬಾಳಿದ್ದಾರೆ ಎಂಬುದನ್ನು ತಾಳ್ಮೆಯಿಂದ ನೋಡಬೇಕಾದ ಕಾಲ ಇದು.

ನನಗೆ ಆ ಬಗೆಯ ಪರೀಕ್ಷೆ ಹೊಸದಲ್ಲ. ನಾನು ಮಕ್ಕಳಿಗೆ ಗಣಿತ ಕಲಿಸುವವಳು, ಐವತ್ತರ ಹತ್ತಿರದವಳು, ಮದ್ಯ ಮುಟ್ಟಿದವಳಲ್ಲ, ಜೋರಾಗಿ ಮಾತನಾಡುವವಳೂ ಅಲ್ಲ. ಹದಿನಾರನೆಯ ವಯಸ್ಸಿನಿಂದ, ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ನುಡಿಸುವ ಐರನ್ ಮೇಡನ್ ಬ್ಯಾಂಡಿನ ಅಭಿಮಾನಿ. ಒಂದು ಕಾರ್ಯಕ್ರಮದ ಹೊರಗೆ ಟೀಶರ್ಟ್ ಕೊಳ್ಳಲು ನಿಂತಾಗ ಮಾರುತ್ತಿದ್ದ ಯುವಕ ನಗುತ್ತಲೇ, "ಮಗನಿಗಾ ಮೇಡಂ? ಅವನ ಸೈಜ್ ಎಷ್ಟು?" ಎಂದು ಕೇಳಿದ. ನನಗೇ ಎಂದೆ. ಪಕ್ಕದಲ್ಲಿದ್ದವನೊಬ್ಬ ಕೂಡಲೇ, "ಹಾಗಾದರೆ ಮೂರು ಹಾಡು ಹೇಳಿ ನೋಡೋಣ" ಎಂದ. ಹೇಳಿದೆ. ಅವನಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ, ಏಕೆಂದರೆ ನನ್ನ ಮುಂದೆ ಅದೇ ಟೀಶರ್ಟ್ ಕೊಂಡು ಹೋದ ಇಪ್ಪತ್ತರ ಗಂಡುಹುಡುಗರಲ್ಲಿ ಒಬ್ಬನನ್ನೂ ಯಾರೂ ಏನೂ ಕೇಳಿರಲಿಲ್ಲ. ಮೂರು ಹಾಡಿನ ಹೆಸರು ಹೇಳುವುದು ಸುಲಭ. ಆ ಬ್ಯಾಂಡಿನ 1984ರ ಆಲ್ಬಂನ ಕೊನೆಯಲ್ಲಿ ಹದಿಮೂರು ನಿಮಿಷ ಮೀರಿದ ಒಂದು ಹಾಡಿದೆ. ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥನಕವನವನ್ನು ಆಧರಿಸಿ ಸ್ಟೀವ್ ಹ್ಯಾರಿಸ್ ಬರೆದದ್ದು. ಅದರ ನಡುವೆ ಗಿಟಾರುಗಳ ಅಬ್ಬರ ಪೂರ್ತಿ ಇಳಿದು, ಗಾಳಿಯಿಲ್ಲದೆ ನಿಂತ ಹಡಗಿನ ಮರ ಕಿರುಗುಡುವ ಸದ್ದಷ್ಟೇ ಉಳಿದು, ಅದರ ಮೇಲೆ ಕವಿತೆಯ ಸಾಲುಗಳು ಮಾತಿನಲ್ಲಿ ಕೇಳಿಸುತ್ತವೆ. ಆ ಕಿರುಗುಟ್ಟುವಿಕೆಗಾಗಿ ನಾನು ಗ್ರಂಥಾಲಯಕ್ಕೆ ಹೋಗಿ ಕವಿತೆಯನ್ನು ಹುಡುಕಿ ಓದಿದೆ. ಆ ಬಗ್ಗೆ ಯಾವ ಪರೀಕ್ಷಕನೂ ಇದುವರೆಗೆ ಕೇಳಿಲ್ಲ.

ಇಂಗ್ಲಿಷಿನ "ಫ್ಯಾನ್" ಎಂಬ ಪದ ಮತಾಂಧ, ಉನ್ಮತ್ತ ಎಂಬರ್ಥದ "ಫೆನಾಟಿಕ್" ಎಂಬುದರ ತುಂಡು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದಲ್ಲಿ ಬೇಸ್‌ಬಾಲ್ ಆಟದ ಹಿಂದೆ ಬಿದ್ದವರಿಗೆ ಆ ಹೆಸರು ಅಂಟಿತು. ಅಂದರೆ ಆ ಪದ ಹುಟ್ಟುವಾಗಲೇ ಬುದ್ಧಿ ಕಳೆದುಕೊಂಡವನ ಚಿತ್ರವನ್ನು ಹೊತ್ತು ಬಂದಿದೆ. ನಮ್ಮ "ಅಭಿಮಾನಿ" ಎಂಬ ಮಾತಿನಲ್ಲಿ ಅಂಥದ್ದಿಲ್ಲ. ಅದರಲ್ಲಿ ಪ್ರೀತಿಯ ಜೊತೆಗೆ ಸ್ವಂತ ಮರ್ಯಾದೆಯ ಅರ್ಥವೂ ಸೇರಿದೆ. ಈ ವ್ಯತ್ಯಾಸ ನನಗೆ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ರಾಕ್ ಸಂಗೀತದ ಅಭಿಮಾನಿಗಳ ಬಗ್ಗೆ ಬರೆದವರು ಬಹುಪಾಲು ಮೊದಲನೆಯ ಪದದ ನೆರಳಿನಲ್ಲೇ ಬರೆದಿದ್ದಾರೆ.

1964ರ ಫೆಬ್ರವರಿ 9ರಂದು ಬೀಟಲ್ಸ್ ತಂಡ ಅಮೆರಿಕದ ಎಡ್ ಸಲಿವನ್ ಅವರ ಟಿ.ವಿ. ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಾಗ ಅದನ್ನು ಸುಮಾರು 7.3 ಕೋಟಿ ಜನ ನೋಡಿದರು. ಮರುದಿನದ ಬರಹಗಳಲ್ಲಿ ಹಾಡಿಗಿಂತ ಹೆಚ್ಚು ಜಾಗ ಸಿಕ್ಕಿದ್ದು ಚೀರುವ ಹುಡುಗಿಯರಿಗೆ. ಅದೇ ತಿಂಗಳು ಬ್ರಿಟನ್ನಿನ ನ್ಯೂ ಸ್ಟೇಟ್ಸ್‌ಮನ್ ವಾರಪತ್ರಿಕೆಯಲ್ಲಿ ಪಾಲ್ ಜಾನ್ಸನ್ ಎಂಬ ಹೆಸರಾಂತ ಪತ್ರಕರ್ತ, ಬೀಟಲ್ಸ್ ಸುತ್ತ ಮುತ್ತುವ ಎಳೆಯರು ತಮ್ಮ ತಲೆಮಾರಿನ ಮಂಕರು, ಸೋಮಾರಿಗಳು, ಸೋತವರು ಎಂಬ ಅರ್ಥದಲ್ಲಿ ಬರೆದರು. ಆ ಗುಂಪನ್ನು "ಸೋತವರು" ಎಂದು ಎಣಿಸಿದ ತೀರ್ಪು ನಿಲ್ಲಲಿಲ್ಲ. ಆ ನಾಲ್ವರ ಸಂಗೀತದಲ್ಲಿ ಏನೋ ಹೊಸತಿದೆ ಎಂದು ವಿಮರ್ಶಕರಿಗಿಂತ ಮೊದಲು ಗುರುತಿಸಿದವರು ಆ ಹುಡುಗಿಯರೇ. ಆದರೂ ಹೆಣ್ಣು ಅಭಿಮಾನಿಯೆಂದರೆ ಗಾಯಕನ ಮುಖಕ್ಕೆ ಮರುಳಾದವಳು, ಸಂಗೀತ ಅರಿತವಳಲ್ಲ ಎಂಬ ಭಾವನೆ ಅಲ್ಲೇ ಬೇರುಬಿಟ್ಟಿತು. ಆ ದಶಕದ ಕೊನೆಗೆ ಸಂಗೀತ ಪತ್ರಿಕೆಗಳು, ಸಂಗೀತಗಾರರ ಹಿಂದೆ ಬೀಳುವ ಹುಡುಗಿ ಎಂಬರ್ಥದ "ಗ್ರೂಪಿ" ಎಂಬ ಪದವನ್ನು ಮನೆಮಾತಾಗಿಸಿದ ಮೇಲಂತೂ ವೇದಿಕೆಯ ಹತ್ತಿರ ನಿಂತ ಪ್ರತಿ ಹೆಣ್ಣಿನ ಮೇಲೂ ಆ ಸಂಶಯದ ನೆರಳು ಬಿತ್ತು.

ಗಂಡು ಅಭಿಮಾನಿಯ ಅಚ್ಚು ಬೇರೆ: ಉದ್ದ ಕೂದಲು, ಕಪ್ಪು ಅಂಗಿ, ಕುಡಿತ, ಹಿಂಸೆ. ಅದಕ್ಕೆ ಸಾಕ್ಷಿಯೇ ಇರಲಿಲ್ಲ ಎಂದು ಹೇಳಲಾರೆ. 1969ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಹಾಡುತ್ತಿದ್ದಾಗಲೇ ವೇದಿಕೆಯ ಮುಂದೆ ಹದಿನೆಂಟು ವರ್ಷದ ಮೆರೆಡಿತ್ ಹಂಟರ್ ಇರಿತಕ್ಕೆ ಬಲಿಯಾದ. 1999ರ ವುಡ್‌ಸ್ಟಾಕ್ ಉತ್ಸವ ಬೆಂಕಿ, ಲೂಟಿ ಮತ್ತು ಮಹಿಳೆಯರ ಮೇಲಿನ ಲೈಂಗಿಕ ದೌರ್ಜನ್ಯದ ದೂರುಗಳಲ್ಲಿ ಮುಗಿಯಿತು. ಈ ಸಂಗೀತವನ್ನು ಪ್ರೀತಿಸುವವರು ಇವನ್ನು ಮರೆಮಾಚಬಾರದು. ಆದರೆ ಒಂದು ಜಾಗದಲ್ಲಿ ಒಂದು ದಿನ ಆದದ್ದನ್ನು ಲಕ್ಷಾಂತರ ಜನರ ಸ್ವಭಾವವೆಂದು ಬರೆದಿಟ್ಟಾಗ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿಯಿದೆ.

1993ರಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದ ವೆಸ್ಟ್ ಮೆಂಫಿಸ್‌ನಲ್ಲಿ ಎಂಟು ವರ್ಷದ ಮೂವರು ಬಾಲಕರ ಕೊಲೆಯಾಯಿತು. ಬಂಧಿತರಾದ ಮೂವರು ಹದಿಹರೆಯದವರಲ್ಲಿ ಡೇಮಿಯನ್ ಎಕಲ್ಸ್ ಕಪ್ಪು ಬಟ್ಟೆ ಧರಿಸುತ್ತಿದ್ದ, ಮೆಟಾಲಿಕಾ ಬ್ಯಾಂಡಿನ ಹಾಡು ಕೇಳುತ್ತಿದ್ದ. ಸೈತಾನನ ಆರಾಧನೆಯ ಭಾಗವಾಗಿ ಕೊಲೆ ನಡೆದಿದೆ ಎಂಬ ವಾದಕ್ಕೆ ಅವನ ಉಡುಪು, ಓದು, ಸಂಗೀತ ಎಲ್ಲವೂ ಪುರಾವೆಯ ಹಾಗೆ ಬಳಕೆಯಾದವು. 1994ರಲ್ಲಿ ಎಕಲ್ಸ್‌ಗೆ ಮರಣದಂಡನೆ, ಉಳಿದಿಬ್ಬರಿಗೆ ಜೀವಾವಧಿ ಶಿಕ್ಷೆಯಾಯಿತು. ಮುಂದೆ ನಡೆದ ಡಿ.ಎನ್.ಎ. ಪರೀಕ್ಷೆಗಳಲ್ಲಿ ಅವರನ್ನು ಆ ಸ್ಥಳಕ್ಕೆ ಜೋಡಿಸುವ ಯಾವುದೂ ಸಿಗಲಿಲ್ಲ. 2011ರ ಆಗಸ್ಟ್ 19ರಂದು, ತಾವು ನಿರ್ದೋಷಿಗಳೆಂದು ಹೇಳುತ್ತಲೇ ಕಾನೂನಿನ ಒಂದು ವಿಶೇಷ ಒಪ್ಪಂದದ ಮೂಲಕ ಮೂವರೂ ಹೊರಬಂದರು. ಹದಿನೆಂಟು ವರ್ಷಗಳ ಸೆರೆ. ಮಕ್ಕಳನ್ನು ಕಳೆದುಕೊಂಡ ಮೂರು ಕುಟುಂಬಗಳಿಗೆ ಅದರಿಂದ ನ್ಯಾಯವೂ ಸಿಗಲಿಲ್ಲ.

ಇಂಗ್ಲೆಂಡಿನಲ್ಲಿ 2007ರ ಆಗಸ್ಟಿನಲ್ಲಿ ಸೋಫಿ ಲ್ಯಾಂಕಾಸ್ಟರ್ ಎಂಬ ಇಪ್ಪತ್ತು ವರ್ಷದ ಯುವತಿಯನ್ನು ಲ್ಯಾಂಕಾಶೈರಿನ ಬೇಕಪ್ ಊರಿನ ಉದ್ಯಾನದಲ್ಲಿ ಒಂದು ಗುಂಪು ಹೊಡೆದು ಕೊಂದಿತು. ಅವಳೂ ಅವಳ ಗೆಳೆಯನೂ ಗಾಥ್ ಎಂಬ ರಾಕ್ ಪ್ರಕಾರದ ಸಂಗೀತ ಮೆಚ್ಚಿದವರ ರೀತಿಯಲ್ಲಿ ಉಡುಪು ತೊಟ್ಟಿದ್ದರು ಎಂಬುದಷ್ಟೇ ಕಾರಣ. ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು 2013ರಿಂದ ಇಂಥ ಉಪಸಂಸ್ಕೃತಿಗಳವರ ಮೇಲಿನ ಹಲ್ಲೆಯನ್ನು ದ್ವೇಷಾಪರಾಧದ ಪಟ್ಟಿಯಲ್ಲಿ ದಾಖಲಿಸತೊಡಗಿದರು. ಹಾಗೆ ಮಾಡಿದ ಅಲ್ಲಿನ ಮೊದಲ ಪೊಲೀಸ್ ಪಡೆ ಅದು. ಬ್ಲಡ್‌ಸ್ಟಾಕ್ ಮೆಟಲ್ ಉತ್ಸವದ ಒಂದು ವೇದಿಕೆಗೆ ಇಂದಿಗೂ ಸೋಫಿಯ ಹೆಸರಿದೆ. ಪಡಿಯಚ್ಚು ಎಂಬುದು ಬರೀ ಬೇಸರ ತರುವ ತಮಾಷೆ ಎಂದು ಯಾರಾದರೂ ಅಂದಾಗ ನನಗೆ ಈ ಎರಡು ಪ್ರಕರಣಗಳು ನೆನಪಾಗುತ್ತವೆ.

ಸಂಶೋಧಕರು ಈ ವಿಷಯವನ್ನು ಬಿಟ್ಟಿಲ್ಲ. ಸ್ಕಾಟ್ಲೆಂಡಿನ ಹೆರಿಯಟ್-ವಾಟ್ ವಿಶ್ವವಿದ್ಯಾಲಯದಲ್ಲಿದ್ದ ಏಡ್ರಿಯನ್ ನಾರ್ತ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಹಲವು ದೇಶಗಳ ಮೂವತ್ತಾರು ಸಾವಿರಕ್ಕೂ ಹೆಚ್ಚು ಜನರ ಸಂಗೀತ ರುಚಿಯನ್ನೂ ಸ್ವಭಾವವನ್ನೂ ಹೋಲಿಸಿತು. ಹೆವಿ ಮೆಟಲ್ ಕೇಳುವವರೂ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳುವವರೂ ಸ್ವಭಾವದಲ್ಲಿ ಬಹಳಷ್ಟು ಹತ್ತಿರದವರು, ಇಬ್ಬರೂ ಸೃಜನಶೀಲರು, ಅಂತರ್ಮುಖಿಗಳು ಎಂಬುದು ಅದರಲ್ಲಿ ಎದ್ದು ಕಂಡ ಸಂಗತಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾ ಶಾರ್ಮನ್ ಮತ್ತು ಜೆನೆವೀವ್ ಡಿಂಗಲ್ 2015ರಲ್ಲಿ ಇಂಥ ಸಂಗೀತ ಮೆಚ್ಚುವ 39 ಜನರಿಗೆ ಮೊದಲು ಸಿಟ್ಟು ಬರಿಸುವ ನೆನಪುಗಳನ್ನು ಹೇಳಿಸಿ, ಆಮೇಲೆ ಕೆಲವರಿಗೆ ಅವರ ಮೆಚ್ಚಿನ ಸಂಗೀತವನ್ನೂ ಕೆಲವರಿಗೆ ಮೌನವನ್ನೂ ಕೊಟ್ಟು ನೋಡಿದರು. ಸಂಗೀತ ಕೇಳಿದವರ ಕೋಪ ಏರಲಿಲ್ಲ. ಅವರಿಗೆ ಹುರುಪು ಬಂದಿತ್ತು. ಅಮೆರಿಕದ ಟಾಶಾ ಹೌ ಮತ್ತು ಸಂಗಡಿಗರು ಅದೇ ವರ್ಷ 1980ರ ದಶಕದ ಮೆಟಲ್ ಅಭಿಮಾನಿಗಳ ನಡುವಯಸ್ಸನ್ನು ಪರಿಶೀಲಿಸಿದರು. ಅವರ ಯೌವನ ಅಪಾಯಗಳಿಂದ ಕೂಡಿದ್ದರೂ ಅವರು ಆಗ ಹೆಚ್ಚು ಸಂತೋಷದಿಂದಿದ್ದರು, ನಡುವಯಸ್ಸಿಗೆ ಬಂದಾಗ ತಮ್ಮ ಓರಗೆಯವರಷ್ಟೇ ಅಥವಾ ಅವರಿಗಿಂತ ಚೆನ್ನಾಗಿ ನೆಲೆಗೊಂಡಿದ್ದರು.

ಈ ಅಧ್ಯಯನಗಳಿಗೂ ಮಿತಿಯಿದೆ. ಮೂವತ್ತೊಂಬತ್ತು ಜನ ದೊಡ್ಡ ಸಂಖ್ಯೆಯಲ್ಲ, ಮೂವತ್ತು ವರ್ಷ ಹಿಂದಿನದನ್ನು ನೆನೆದು ಹೇಳುವವರ ಮಾತಿನಲ್ಲಿ ನೆನಪಿನ ಬಣ್ಣವೂ ಇರುತ್ತದೆ. ಇವನ್ನು ಹಿಡಿದುಕೊಂಡು ಮೆಟಲ್ ಅಭಿಮಾನಿಗಳೆಲ್ಲ ಸಾಧುಗಳು, ಚಿಂತನಶೀಲರು ಎಂಬ ಇನ್ನೊಂದು ಅಚ್ಚನ್ನು ಎರಕ ಹೊಯ್ಯುವುದು ನನಗೆ ಬೇಕಿಲ್ಲ. ಕೋಪಿಷ್ಠನಿಗೂ ಹಾಡು ಕೇಳುವ ಹಕ್ಕಿದೆ. ರುಚಿಯಿಂದ ಮನುಷ್ಯನನ್ನು ಅಳೆಯುವ ಕೋಲು ನಂಬಿಕೆಗೆ ಅರ್ಹವಲ್ಲ ಎಂಬಷ್ಟನ್ನು ಮಾತ್ರ ಅವು ಸಾಕಷ್ಟು ಗಟ್ಟಿಯಾಗಿ ತೋರಿಸುತ್ತವೆ.

ಅಚ್ಚಿಗೆ ಒಗ್ಗದ ಅಭಿಮಾನಿಗಳಲ್ಲಿ ರಾಷ್ಟ್ರನಾಯಕರೂ ಇದ್ದಾರೆ. ಇಂಡೊನೇಷ್ಯಾದ ಜೋಕೊ ವಿಡೊಡೊ ಪೀಠೋಪಕರಣ ಮಾರುತ್ತಿದ್ದವರು, ಮೆದುಮಾತಿನವರು, ಮೆಟಲ್ ಸಂಗೀತದ ಕಟ್ಟಾ ಅಭಿಮಾನಿ. ಜಕಾರ್ತದ ಗವರ್ನರ್ ಆಗಿದ್ದಾಗ, 2013ರಲ್ಲಿ, ಮೆಟಾಲಿಕಾದ ರಾಬರ್ಟ್ ಟ್ರೂಹಿಯೊ ಸಹಿ ಹಾಕಿದ ಬೇಸ್ ಗಿಟಾರ್ ಅವರಿಗೆ ಉಡುಗೊರೆಯಾಗಿ ಬಂತು. ಅವರು ಅದನ್ನು ದೇಶದ ಭ್ರಷ್ಟಾಚಾರ ನಿಗ್ರಹ ಆಯೋಗಕ್ಕೆ ವರದಿ ಮಾಡಿದರು, ಆಯೋಗ ಅದನ್ನು ಅಧಿಕಾರದಲ್ಲಿರುವವರು ಇಟ್ಟುಕೊಳ್ಳಬಾರದ ಕಾಣಿಕೆಯೆಂದು ಪರಿಗಣಿಸಿ ಸರ್ಕಾರದ ವಶಕ್ಕೆ ತೆಗೆದುಕೊಂಡಿತು. ಅಧ್ಯಕ್ಷರಾದ ಮೇಲೆ ಡೆನ್ಮಾರ್ಕಿನ ಪ್ರಧಾನಿ ಅದೇ ಬ್ಯಾಂಡಿನ ಒಂದು ಆಲ್ಬಂನ ವಿಶೇಷ ಪೆಟ್ಟಿಗೆಯನ್ನು ತಂದುಕೊಟ್ಟಾಗ ಅದನ್ನೂ ಒಪ್ಪಿಸಿ, 2018ರಲ್ಲಿ ಸರ್ಕಾರಕ್ಕೆ ಸ್ವಂತ ಹಣ ಕಟ್ಟಿ ಬಿಡಿಸಿಕೊಂಡರು. ಅವರ ರಾಜಕಾರಣದ ಬಗ್ಗೆ ಭಿನ್ನಾಭಿಪ್ರಾಯಗಳಿವೆ, ಅದು ಬೇರೆ ಮಾತು. ಅಭಿಮಾನವೂ ನಿಯಮಪಾಲನೆಯೂ ಒಂದೇ ಮನುಷ್ಯನಲ್ಲಿ ಒಂದಕ್ಕೊಂದು ತೊಡಕಾಗದೆ ಇರಬಲ್ಲವು ಎಂಬುದಕ್ಕೆ ಈ ಗಿಟಾರಿನ ಪ್ರಸಂಗ ನನಗೆ ಹಿಡಿಸುತ್ತದೆ.

ಝೆಕ್ ನಾಟಕಕಾರ ವಾಕ್ಲಾವ್ ಹಾವೆಲ್ ಅವರದು ಇನ್ನೂ ಆಳದ ಕಥೆ. 1968ರಲ್ಲಿ ನ್ಯೂಯಾರ್ಕಿಗೆ ಹೋದಾಗ ಅವರು ಅಲ್ಲಿಂದ ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡಿನ ರೆಕಾರ್ಡ್ ತಂದರು. ಎಂಟು ವರ್ಷಗಳ ನಂತರ ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯುನಿವರ್ಸ್ ಎಂಬ ಪ್ರಾಗ್‌ನ ರಾಕ್ ಬ್ಯಾಂಡಿನವರನ್ನೂ ಅವರ ಬಳಗದವರನ್ನೂ ಕಮ್ಯುನಿಸ್ಟ್ ಸರ್ಕಾರ ಬಂಧಿಸಿ ವಿಚಾರಣೆಗೆ ಒಡ್ಡಿದಾಗ, ಉದ್ದಗೂದಲಿನ ಪುಂಡರು ಎಂಬ ಸರ್ಕಾರಿ ಚಿತ್ರವನ್ನು ಒಪ್ಪದೆ ಹಾವೆಲ್ ಆ ಸಂಗೀತಗಾರರ ಪರವಾಗಿ ನಿಂತರು, ನ್ಯಾಯಾಲಯಕ್ಕೂ ಹೋದರು. ತತ್ವಜ್ಞಾನಿಗಳು, ಲೇಖಕರು ಮತ್ತು ಆ ರಾಕ್ ಹುಡುಗರು ಒಂದೇ ಸಾಲಿನಲ್ಲಿ ನಿಲ್ಲುವಂತಾದದ್ದು ಆ ವಿಚಾರಣೆಯಿಂದ. 1977ರ ಜನವರಿಯಲ್ಲಿ ಹೊರಬಂದ ಚಾರ್ಟರ್ 77 ಎಂಬ ಮಾನವ ಹಕ್ಕುಗಳ ಹೇಳಿಕೆಗೆ ಅದೇ ಪ್ರೇರಣೆ. 1989ರ ಕೊನೆಗೆ ಹಾವೆಲ್ ದೇಶದ ಅಧ್ಯಕ್ಷರಾದರು, ಮರುವರ್ಷ ರೋಲಿಂಗ್ ಸ್ಟೋನ್ಸ್ ಪ್ರಾಗ್‌ನಲ್ಲಿ ಹಾಡಿದರು. ಜಪಾನಿನಲ್ಲಿ 2025ರ ಅಕ್ಟೋಬರಿನಲ್ಲಿ ಪ್ರಧಾನಿಯಾದ ಸನಾಯೆ ತಕಾಯಿಚಿ ಕೂಡ ಕಾಲೇಜು ದಿನಗಳಲ್ಲಿ ಡ್ರಮ್ಸ್ ಬಾರಿಸಿದವರು, ಹೆವಿ ಮೆಟಲ್ ಅಭಿಮಾನಿ.

ಪದವಿಯಲ್ಲಿರುವವರ ಉದಾಹರಣೆ ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ಅಚ್ಚನ್ನು ಒಳಗಿನಿಂದಲೇ ಮುರಿದವರು ಹೆಸರಿಲ್ಲದ ಸಾಮಾನ್ಯ ಕೇಳುಗರು. ವಾಷಿಂಗ್ಟನ್ ಡಿ.ಸಿ.ಯ ಟೀನ್ ಐಡಲ್ಸ್ ಎಂಬ ಪಂಕ್ ಬ್ಯಾಂಡಿನ ಹುಡುಗರು 1980ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದಾಗ, ಸ್ಯಾನ್ ಫ್ರಾನ್ಸಿಸ್ಕೋದ ಮಬೂಹೆ ಗಾರ್ಡನ್ಸ್ ಎಂಬ ಕ್ಲಬ್ಬಿನವರು ಅವರ ಅಂಗೈ ಹಿಂಬದಿಯಲ್ಲಿ ಕಪ್ಪು ಮಾರ್ಕರಿನಿಂದ ದೊಡ್ಡ ಗುಣಾಕಾರದ ಗುರುತು ಹಾಕಿದರು. ಕುಡಿಯುವ ವಯಸ್ಸು ಆಗದವರಿಗೆ ಮದ್ಯ ಕೊಡಬೇಡಿ ಎಂದು ಬಾರಿನವರಿಗೆ ತಿಳಿಸುವ ಗುರುತು ಅದು. ಹುಡುಗರು ತಮ್ಮೂರಿಗೆ ಮರಳಿ ಅಲ್ಲಿನ ಕ್ಲಬ್ಬುಗಳಿಗೂ ಇದನ್ನೇ ಸೂಚಿಸಿದರು: ಗುರುತು ಹಾಕಿ, ಆದರೆ ಎಳೆಯರನ್ನು ಸಂಗೀತಕ್ಕೆ ಒಳಗೆ ಬಿಡಿ. ಆ ಬ್ಯಾಂಡಿನಲ್ಲಿದ್ದ ಇಯಾನ್ ಮೆಕೈ ಮುಂದೆ ಮೈನರ್ ಥ್ರೆಟ್ ಬ್ಯಾಂಡ್ ಕಟ್ಟಿ, 1981ರಲ್ಲಿ ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಒಂದು ಹಾಡಿನಲ್ಲಿ ಕುಡಿತ, ಮಾದಕವಸ್ತು ತನಗೆ ಬೇಕಿಲ್ಲ ಎಂದು ಹಾಡಿದ ಮೇಲೆ, ವಯಸ್ಸಾದವರೂ ಸ್ವಂತ ಇಚ್ಛೆಯಿಂದ ಕೈಗೆ ಆ ಗುರುತು ಹಾಕಿಕೊಂಡು ಬರತೊಡಗಿದರು. ನಶೆಯಿಂದ ದೂರವಿರುವ ಈ ರೀತಿಗೆ ಬಂದ "ಸ್ಟ್ರೇಟ್ ಎಡ್ಜ್" ಎಂಬ ಹೆಸರು ಆ ಹಾಡಿನದೇ. ರಾಕ್ ಎಂದರೆ ನಶೆ ಎಂಬ ಸಮೀಕರಣವನ್ನು, ರಾಕ್ ಪ್ರಪಂಚದಲ್ಲಿ ಅತಿ ವೇಗವಾಗಿ, ಅತಿ ಜೋರಾಗಿ ನುಡಿಸುತ್ತಿದ್ದವರೇ ಬದಿಗೆ ತಳ್ಳಿದರು.

ಮೆಕೈ ಅವರ ಮುಂದಿನ ಬ್ಯಾಂಡ್ ಫುಗಾಜಿ ತನ್ನ ಟಿಕೆಟ್ಟನ್ನು ಸಾಮಾನ್ಯವಾಗಿ ಐದು ಡಾಲರಿಗೆ ಇಳಿಸಿಟ್ಟಿತು, ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದಿಟ್ಟಿತು, ಗುಂಪಿನಲ್ಲಿ ಯಾರಾದರೂ ಪಕ್ಕದವರಿಗೆ ನೋವಾಗುವಂತೆ ನುಗ್ಗಿದರೆ ಹಾಡು ನಿಲ್ಲಿಸಿ, ಅವನ ಹಣ ವಾಪಸು ಕೊಟ್ಟು ಹೊರಗೆ ಕಳಿಸಿದ್ದೂ ಉಂಟು. ಇದೇ ಸ್ಟ್ರೇಟ್ ಎಡ್ಜ್ ಮುಂದೆ ಕೆಲವು ಕಡೆ ಬಿಗಿಯಾದ ಪಂಥವಾಗಿ, ಕುಡಿಯುವವರ ಮೇಲೆ ಕೈಮಾಡುವ ಗುಂಪುಗಳೂ ಹುಟ್ಟಿಕೊಂಡವು ಎಂಬುದನ್ನು ಮರೆಯುವಂತಿಲ್ಲ. ಅಚ್ಚು ಮುರಿಯಲು ಹೊರಟವರ ಕೈಯಲ್ಲೇ ಹೊಸ ಅಚ್ಚು ತಯಾರಾಗುತ್ತದೆ, ಹೊಸ ಪರೀಕ್ಷೆಯೂ ಹುಟ್ಟುತ್ತದೆ.

ಹೊರಗಿನವರ ಕಣ್ಣಿಗೆ ಅತಿ ಭಯಂಕರವಾಗಿ ಕಾಣುವುದು ಮಾಶ್ ಪಿಟ್. ವೇದಿಕೆಯ ಮುಂದೆ ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತ ಕುಣಿಯುವ ಜಾಗ ಅದು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದ ಜೆಸ್ಸಿ ಸಿಲ್ವರ್‌ಬರ್ಗ್ ಸಾಮಾನ್ಯವಾಗಿ ಅದರೊಳಗೆ ಇರುತ್ತಿದ್ದ ಅಭಿಮಾನಿ. ಒಮ್ಮೆ ಗೆಳತಿಯನ್ನು ಕರೆದುಕೊಂಡು ಹೋದುದರಿಂದ ಪಕ್ಕದಲ್ಲಿ ನಿಂತು ನೋಡಬೇಕಾಯಿತು. ಹಾಗೆ ನಿಂತಾಗ ಕಂಡ ಗುಂಪಿನ ಚಲನೆ ಅವರಿಗೆ ಅನಿಲದ ಕಣಗಳ ಚಲನೆಯನ್ನು ನೆನಪಿಸಿತು. ಸಂಗಡಿಗರೊಂದಿಗೆ ವಿಡಿಯೊಗಳನ್ನು ಅಳೆದು, ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ, 2013ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್ ನಿಯತಕಾಲಿಕದಲ್ಲಿ ಪ್ರಬಂಧ ಪ್ರಕಟಿಸಿದರು. ಅಂಥ ಗುಂಪಿನಲ್ಲಿ ಜನರ ವೇಗಗಳು ಸಮತೋಲದಲ್ಲಿರುವ ಅನಿಲದ ಕಣಗಳ ಹಾಗೆಯೇ ಹಂಚಿಹೋಗುತ್ತವೆ ಎಂದು ಅದು ತೋರಿಸಿತು. ಅಳತೆಗೆ ಸಿಗದ ಇನ್ನೊಂದು ಸಂಗತಿಯನ್ನು ಒಳಗೆ ನಿಂತವರು ಬಲ್ಲರು. ಯಾರಾದರೂ ಬಿದ್ದರೆ ಸುತ್ತಲಿನ ನಾಲ್ಕೈದು ಜನ ಕ್ಷಣದಲ್ಲಿ ಬೆನ್ನು ಕೊಟ್ಟು ಜಾಗ ಮಾಡುತ್ತಾರೆ, ಇಬ್ಬರು ಕಂಕುಳಿಗೆ ಕೈ ಹಾಕಿ ಎಬ್ಬಿಸುತ್ತಾರೆ. ಕಳಚಿಹೋದ ಶೂ ಸಿಕ್ಕಿದರೆ ಸಿಕ್ಕವರು ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಲ್ಲುತ್ತಾರೆ, ಅದರ ಒಡೆಯ ಒಂಟಿ ಕಾಲಿನಲ್ಲಿ ಕುಂಟುತ್ತ ಬಂದು ಪಡೆಯುವ ತನಕ.

ಅಭಿಮಾನ ಒಂದು ದುಡಿಮೆ ಎಂಬುದನ್ನು ನನಗೆ ಅತ್ಯಂತ ಸ್ಪಷ್ಟವಾಗಿ ತೋರಿಸಿದವರು ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಹಿಂಬಾಲಕರು. ಡೆಡ್‌ಹೆಡ್ ಎಂದರೆ ಬಣ್ಣಬಣ್ಣದ ಅಂಗಿಯ, ಕೆಲಸಕ್ಕೆ ಬಾರದ ಅಲೆಮಾರಿ ಎಂಬುದು ಜನಪ್ರಿಯ ಚಿತ್ರ. ಅಮೆರಿಕದ ಸೆನೆಟಿನಲ್ಲಿ ದಶಕಗಳ ಕಾಲ ಕುಳಿತ ಪ್ಯಾಟ್ರಿಕ್ ಲೀಹಿ, ಬ್ಯಾಸ್ಕೆಟ್‌ಬಾಲ್ ಆಟಗಾರ ಬಿಲ್ ವಾಲ್ಟನ್ ಇಬ್ಬರೂ ಡೆಡ್‌ಹೆಡ್‌ಗಳು. ರೆಬೆಕಾ ಆಡಮ್ಸ್ ಎಂಬ ಸಮಾಜಶಾಸ್ತ್ರಜ್ಞೆ 1989ರಲ್ಲಿ ವಿದ್ಯಾರ್ಥಿಗಳನ್ನೇ ಕಟ್ಟಿಕೊಂಡು ಬ್ಯಾಂಡಿನ ಪ್ರವಾಸದ ಹಿಂದೆ ಹೋಗಿ ಈ ಸಮುದಾಯವನ್ನು ಅಭ್ಯಾಸ ಮಾಡಿದರು. ಆದರೆ ನನ್ನ ಗಮನ ಇರುವುದು ಟೇಪರ್‌ಗಳ ಮೇಲೆ. ಈ ಬ್ಯಾಂಡ್ ತನ್ನ ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿಕೊಳ್ಳಲು ಕೇಳುಗರಿಗೆ ಅವಕಾಶ ಕೊಟ್ಟಿತ್ತು, 1984ರಲ್ಲಿ ಅವರಿಗಾಗಿ ಪ್ರತ್ಯೇಕ ಜಾಗವನ್ನೇ ಗುರುತಿಸಿತು. ಉದ್ದ ಕಂಬಗಳ ತುದಿಯಲ್ಲಿ ಮೈಕುಗಳು, ಕೆಳಗೆ ಒಂದರಿಂದ ಇನ್ನೊಂದಕ್ಕೆ ತಂತಿ ಎಳೆದ ಕ್ಯಾಸೆಟ್ ಡೆಕ್‌ಗಳು, ಕ್ಯಾಸೆಟಿನ ಹೊದಿಕೆಯ ಮೇಲೆ ಚಿಕ್ಕ ಅಕ್ಷರದಲ್ಲಿ ದಿನಾಂಕ, ಸ್ಥಳ, ಹಾಡುಗಳ ಕ್ರಮ, ಯಾವ ಮೈಕು, ಎಷ್ಟನೆಯ ಪ್ರತಿ ಎಂಬ ವಿವರ. ಹಾಡು ನಡೆಯುವಾಗ ಅಲ್ಲಿ ಕೂಗುವಂತಿರಲಿಲ್ಲ. ಕೂಗು ಟೇಪಿನಲ್ಲಿ ಉಳಿದುಬಿಡುತ್ತದೆ. ಮಾರಾಟ ನಿಷಿದ್ಧ. ಯಾರಿಗಾದರೂ ಪ್ರತಿ ಬೇಕಿದ್ದರೆ ಖಾಲಿ ಕ್ಯಾಸೆಟ್‌ಗಳನ್ನೂ ಅಂಚೆ ವೆಚ್ಚವನ್ನೂ ಕಳಿಸಬೇಕಿತ್ತು, ಅಷ್ಟೇ. ಆ ಬ್ಯಾಂಡಿಗಾಗಿಯೇ ಧ್ವನಿಮುದ್ರಿಸುತ್ತಿದ್ದ ಬೆಟಿ ಕ್ಯಾಂಟರ್-ಜ್ಯಾಕ್ಸನ್ 1977ರ ಮೇ 8ರಂದು ಕಾರ್ನೆಲ್‌ನಲ್ಲಿ ಮಾಡಿದ ಧ್ವನಿಮುದ್ರಣ ದಶಕಗಳ ಕಾಲ ಹೀಗೆ ಕೈಯಿಂದ ಕೈಗೆ ದಾಟಿತು, ಕೊನೆಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣಗಳ 2011ರ ಪಟ್ಟಿಗೆ ಸೇರಿತು. ಬ್ಯಾಂಡ್ ಅದನ್ನು ಅಧಿಕೃತವಾಗಿ ಬಿಡುಗಡೆ ಮಾಡಿದ್ದು 2017ರಲ್ಲಿ. ಮೌನವಾಗಿ ಕುಳಿತು ಮೀಟರಿನ ಮುಳ್ಳು ನೋಡುತ್ತಿದ್ದವರ ಶಿಸ್ತನ್ನು ನೆನೆದರೆ, ಅಭಿಮಾನಿಯೆಂದರೆ ಚೀರುವವನು ಎಂಬ ಚಿತ್ರಕ್ಕೂ ಅವರಿಗೂ ಎಷ್ಟು ದೂರ ಎಂದು ತಿಳಿಯುತ್ತದೆ.

ಚರ್ಮದ ಬಣ್ಣದ ವಿಷಯದಲ್ಲಿ ಈ ಅಚ್ಚು ಇತಿಹಾಸಕ್ಕೇ ವಿರುದ್ಧವಾಗಿದೆ. ಸಿಸ್ಟರ್ ರೋಸೆಟಾ ಥಾರ್ಪ್, ಚಕ್ ಬೆರಿ, ಲಿಟಲ್ ರಿಚರ್ಡ್ ಮುಂತಾದ ಕಪ್ಪು ಕಲಾವಿದರು ಕಟ್ಟಿದ ಸಂಗೀತ ಇದು. ಹಾಗಿದ್ದೂ ಎರಡು ದಶಕ ಕಳೆಯುವುದರೊಳಗೆ ರಾಕ್ ಕೇಳುವ ಕಪ್ಪು ಯುವಕನಿಗೆ "ಇದು ನಿಮ್ಮವರದಲ್ಲ" ಎಂಬ ಮಾತು ಎರಡೂ ಕಡೆಯಿಂದ ಕೇಳಿಬರುವಂತಾಯಿತು. ನ್ಯೂಯಾರ್ಕಿನಲ್ಲಿ ಗಿಟಾರ್ ವಾದಕ ವರ್ನನ್ ರೀಡ್ ಮತ್ತು ಗೆಳೆಯರು 1985ರಲ್ಲಿ ಬ್ಲ್ಯಾಕ್ ರಾಕ್ ಕೊಅಲಿಷನ್ ಎಂಬ ಒಕ್ಕೂಟ ಕಟ್ಟಬೇಕಾಗಿ ಬಂದದ್ದು ಅದಕ್ಕಾಗಿಯೇ. ವಯಸ್ಸಿನ ಅಚ್ಚಂತೂ ತಾನಾಗಿಯೇ ಉದುರಿದೆ: ರೋಲಿಂಗ್ ಸ್ಟೋನ್ಸ್‌ನ 2024ರ ಅಮೆರಿಕ ಪ್ರವಾಸದ ಪ್ರಾಯೋಜಕರು ಐವತ್ತು ದಾಟಿದವರ ಹಿತಕ್ಕಾಗಿ ದುಡಿಯುವ ಎ.ಎ.ಆರ್.ಪಿ. ಸಂಸ್ಥೆಯವರು.

ಹಾಗಾದರೆ ಟಿಕೆಟ್ ಕಡಿಮೆ, ಬೇಡಿಕೆ ಹೆಚ್ಚು ಇರುವಾಗ ಹಂಚುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ, ಅದು ನ್ಯಾಯವಾದ ಪ್ರಶ್ನೆ. ರಸಪ್ರಶ್ನೆ ಕೇಳಿ ಅಭಿಮಾನವನ್ನು ತೂಗುವುದು ದಾರಿಯಲ್ಲ ಎಂದು ನನ್ನ ಅಭಿಪ್ರಾಯ. ಕಾಳಸಂತೆಯವನಿಗೆ ಮೊದಲ ಡ್ರಮ್ಮರನ ಹೆಸರು ಹುಡುಕಲು ಅರೆಕ್ಷಣ ಸಾಕು. ದಿ ಕ್ಯೂರ್ ಬ್ಯಾಂಡ್ 2023ರ ಅಮೆರಿಕ ಪ್ರವಾಸದಲ್ಲಿ ಬೇರೆ ದಾರಿ ಹಿಡಿಯಿತು. ಕೆಲವು ಟಿಕೆಟ್‌ಗಳ ಬೆಲೆಯನ್ನು ಇಪ್ಪತ್ತು ಡಾಲರಿಗೆ ಇಳಿಸಿ, ಕಾನೂನು ಬಿಟ್ಟ ಕಡೆಗಳಲ್ಲೆಲ್ಲ ಟಿಕೆಟನ್ನು ಇನ್ನೊಬ್ಬರಿಗೆ ವರ್ಗಾಯಿಸದಂತೆ ತಡೆದು, ಬೇಡಿಕೆಗೆ ತಕ್ಕಂತೆ ಬೆಲೆ ಏರಿಸುವುದನ್ನು ನಿರಾಕರಿಸಿತು. ಟಿಕೆಟಿನ ಬೆಲೆಗಿಂತ ಸೇವಾಶುಲ್ಕವೇ ಹೆಚ್ಚಾಗಿದೆ ಎಂದು ಕೇಳುಗರು ದೂರಿದಾಗ ಗಾಯಕ ರಾಬರ್ಟ್ ಸ್ಮಿತ್ ಬಹಿರಂಗವಾಗಿ ಪ್ರತಿಭಟಿಸಿದರು, ಟಿಕೆಟ್‌ಮಾಸ್ಟರ್ ಕೊಂಡವರಿಗೆ ಐದರಿಂದ ಹತ್ತು ಡಾಲರಿನಷ್ಟು ಹಿಂದಿರುಗಿಸಿತು. ಮೊತ್ತ ಸಣ್ಣದು. ಆದರೆ ಅಲ್ಲಿ ಪ್ರಶ್ನೆಗೆ ಒಳಗಾದದ್ದು ಮಾರುವವರ ನಡತೆ, ಕೇಳುವವರ ಅರ್ಹತೆಯಲ್ಲ.

ಕೆಲವು ವರ್ಷಗಳ ಹಿಂದೆ ಐರನ್ ಮೇಡನ್ ಕಾರ್ಯಕ್ರಮದ ಸರದಿಯಲ್ಲಿ ನನ್ನ ಮುಂದೆ ಹತ್ತೊಂಬತ್ತು ಇಪ್ಪತ್ತರ ಒಬ್ಬಳು ಹುಡುಗಿ ಒಂಟಿಯಾಗಿ ನಿಂತಿದ್ದಳು. ಗೇಟು ತೆರೆಯಲು ಇನ್ನೂ ಎರಡು ಗಂಟೆ ಇತ್ತು. ಆ ಹದಿಮೂರು ನಿಮಿಷದ ಹಾಡಿನ ನಡುವೆ ಕೇಳುವ ಸದ್ದು ಏನೆಂದು ಅವಳಿಗೆ ತಿಳಿದಿರಲಿಲ್ಲ; ಬಾಗಿಲಿನ ಸದ್ದು ಎಂದುಕೊಂಡಿದ್ದಳಂತೆ. ನಾನು ಹಡಗಿನ, ನಾವಿಕನ, ಅವನು ಕೊಂದ ಹಕ್ಕಿಯ ಕಥೆ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವಳು, "ಆಂಟಿ, ನಿಕೊ ಮೆಕ್‌ಬ್ರೇನ್ ಕಾಲಿನ ಡ್ರಮ್ಮಿಗೆ ಒಂದೇ ಪೆಡಲ್ ಇಟ್ಟುಕೊಳ್ಳುತ್ತಾರೆ, ಗಮನಿಸಿದ್ದೀರಾ? ಉಳಿದವರು ಎರಡು ಕಾಲಲ್ಲಿ ಬಾರಿಸುವುದನ್ನು ಅವರು ಬಲಗಾಲಿನಲ್ಲೇ ಬಾರಿಸುತ್ತಾರೆ" ಎಂದಳು. ಮೂವತ್ತು ವರ್ಷ ಕೇಳಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ. ಆ ರಾತ್ರಿ ಮೊದಲ ಹಾಡು ಶುರುವಾದಾಗ ನಾವಿಬ್ಬರೂ ವೇದಿಕೆಯ ಮೇಲಿನ ದೊಡ್ಡ ಪರದೆಯಲ್ಲಿ ಡ್ರಮ್ಮರನ ಕಾಲು ಯಾವಾಗ ಕಾಣುತ್ತದೆಂದು ಕಾಯುತ್ತ ನಿಂತಿದ್ದೆವು.